ಶಾಂತಲೆಗೆ ಯಾವ ನಂಬರು?

ಗ್ರಂಥಾಲಯಕ್ಕೆ ಪುಸ್ತಕ ತರಿಸುವ ಪಟ್ಟಿಯಲ್ಲಿ ಮಿಕ್ಕ ಕಾಲಮ್ಮುಗಳೆಲ್ಲ ಸಾಧುಗಳು. ಕ್ರಮಸಂಖ್ಯೆ ತಾನಾಗಿ ಬರುತ್ತದೆ. ಹೆಸರು, ಲೇಖಕರು, ಪ್ರಕಾಶಕರು ಕ್ಯಾಟಲಾಗಿನಲ್ಲೇ ಅಚ್ಚಾಗಿರುತ್ತಾರೆ. ಎಷ್ಟು ಪ್ರತಿ ಎಂಬುದನ್ನು ನಮ್ಮ ಆಸೆಗಿಂತ ಮೊದಲೇ ದುಡ್ಡು ತೀರ್ಮಾನಿಸಿರುತ್ತದೆ. ತಂಟೆಕೋರ ಅಂದರೆ ‘ವರ್ಗ ಸಂಕೇತ’ ಎಂಬ ಕೊನೇ ಕಾಲಂ ಒಂದೇ. ಪುಸ್ತಕ ಇನ್ನೂ ಬೆಂಗಳೂರಿನ ಯಾವುದೋ ಗೋಡೌನಿನಲ್ಲಿ ದಾರದ ಕಟ್ಟಿನೊಳಗೆ ಮಲಗಿರುತ್ತದೆ. ನಾವು ಹಳೇಬೀಡಿನಲ್ಲಿ ಕೂತು ಅದು ಎಂಥ ಪುಸ್ತಕ ಅಂತ ಬರೆದುಕೊಡಬೇಕು. ಮುನ್ನುಡಿ ಓದಿಲ್ಲ, ಬೆನ್ನುಡಿ ನೋಡಿಲ್ಲ, ಹೆಣ್ಣು ನೋಡದೆ ಬರೀ ಜಾತಕದ ಮೇಲೆ ಮದುವೆ ಒಪ್ಪಿಕೊಂಡ ಹಾಗೆ.

ಕಾಲಂ ಖಾಲಿ ಬಿಟ್ಟು ಕಳಿಸೋಣ ಅಂದರೆ ಆಗುವುದಿಲ್ಲ. ಯಾವ ವಿಷಯಕ್ಕೆ ಎಷ್ಟು ಹಣ ಹೋಯಿತು ಎಂಬ ಲೆಕ್ಕ ನಿಲ್ಲುವುದೇ ಆ ಸಂಕೇತದ ಮೇಲೆ. ಅದೂ ಹೋಗಲಿ, ಪಟ್ಟಿಯಲ್ಲಿ ಬರೆದ ಸಂಕೇತ ಪಟ್ಟಿಯಲ್ಲೇ ಉಳಿಯುವುದಿಲ್ಲ. ಪುಸ್ತಕ ಬಂದಮೇಲೆ ಅದು ಅಕ್ಸೆಶನ್ ರಿಜಿಸ್ಟರಿಗೆ ಇಳಿಯುತ್ತದೆ, ಅಲ್ಲಿಂದ ಕಂಪ್ಯೂಟರಿಗೆ, ಅಲ್ಲಿಂದ ಬೆನ್ನಿಗೆ ಅಂಟಿಸುವ ಅಂಗುಲದ ಚೀಟಿಗೆ, ಕೊನೆಗೆ ಬೀರುವಿನ ಅಡ್ಡಹಲಗೆಗೆ. ಪಟ್ಟಿ ಮಾಡುವ ದಿನ ಊಟದ ಹೊತ್ತು ಮೀರಿತಲ್ಲ ಅಂತ ಗಡಿಬಿಡಿಯಲ್ಲಿ ಹಾಕಿದ ನಂಬರು ಆ ಪುಸ್ತಕದ ಹಣೆಯಲ್ಲಿ ನಿಂತುಬಿಡುತ್ತದೆ. ಆಮೇಲೆ ಅದನ್ನು ತಿದ್ದುವವರು ಯಾರೂ ಇಲ್ಲ. ಚೀಟಿ ಕಿತ್ತರೆ ಬೆನ್ನಿನ ಬಣ್ಣವೂ ಜೊತೆಗೆ ಕಿತ್ತು ಬರುತ್ತದೆ ಎಂಬುದು ಒಂದು ಕಾರಣ. ರಿಜಿಸ್ಟರಿನಲ್ಲಿ ವೈಟ್ನರ್ ಕಂಡರೆ ಆಡಿಟ್‌ನವರಿಗೆ ಆಗುವ ಸಂತೋಷ ಇನ್ನೊಂದು ಕಾರಣ.

ಪಟ್ಟಿಯ ದಿನ ನನ್ನನ್ನು ಕರೆಯುತ್ತಾರೆ. ಕನ್ನಡ ಮೇಷ್ಟ್ರಾಗಿ ನಿವೃತ್ತರಾದವರು ಲೋಕದ ಪುಸ್ತಕವನ್ನೆಲ್ಲ ಓದಿ ಮುಗಿಸಿರುತ್ತಾರೆ ಎಂಬುದು ನಮ್ಮ ಕಡೆಯ ನಂಬಿಕೆ. ಆ ನಂಬಿಕೆ ಕೆಡಿಸುವ ಮನಸ್ಸು ನನಗೂ ಇಲ್ಲ, ಅಲ್ಲಿ ಕೊಡುವ ಕಾಫಿ ಚೆನ್ನಾಗಿರುತ್ತದೆ. ಕಂಪ್ಯೂಟರ್ ಮುಂದೆ ಕೂತ ಹುಡುಗಿ ಒಂದೊಂದೇ ಹೆಸರು ಓದುತ್ತಾಳೆ, ನಾನು ನಂಬರು ಹೇಳುತ್ತೇನೆ. ಚುರುಕು ಹುಡುಗಿ. ಅವಳಿಗೆ ಪುಸ್ತಕದ ಹೆಸರಿನ ಮೇಲೆ ಅಪಾರ ವಿಶ್ವಾಸ.

“ನಾಯಿ ನೆರಳು. ಎಸ್.ಎಲ್. ಭೈರಪ್ಪ. ಪಶುಸಂಗೋಪನೆ ಹಾಕ್ಲಾ ಸಾರ್?”

“ಕಾದಂಬರಿ ಕಣಮ್ಮ.”

“ಜಲಪಾತ?”

“ಅದೂ ಕಾದಂಬರಿ.”

“ವಂಶವೃಕ್ಷ? ಇದು ಜೀವಶಾಸ್ತ್ರದ್ದೇ ಇರ್ಬೇಕು.”

ಭೈರಪ್ಪನವರು ಹುಟ್ಟಿದ ಸಂತೇಶಿವರ ನಮ್ಮ ಜಿಲ್ಲೆಯದೇ, ಚನ್ನರಾಯಪಟ್ಟಣ ತಾಲ್ಲೂಕು. ಹಾಗಾಗಿ ಅವರ ಪುಸ್ತಕ ನಮ್ಮ ಪಟ್ಟಿಯಲ್ಲಿ ಪ್ರತಿಸಲ ಇರುತ್ತದೆ. ಹರಿದುಹೋದ ಪ್ರತಿಯ ಬದಲಿಗೆ ಇನ್ನೊಂದು. ಅವರ ಹೆಸರುಗಳನ್ನೇ ನೆಚ್ಚಿ ಸಂಕೇತ ಹಾಕುತ್ತ ಹೋದರೆ ಒಬ್ಬರೇ ಲೇಖಕರಿಂದ ಗ್ರಂಥಾಲಯದ ಅರ್ಧ ಬೀರು ತುಂಬುತ್ತದೆ: ‘ಮಂದ್ರ’ ಸಂಗೀತಕ್ಕೆ, ‘ಭಿತ್ತಿ’ ಗಾರೆ ಕೆಲಸಕ್ಕೆ, ‘ಪರ್ವ’ ಹಬ್ಬಹರಿದಿನಗಳಿಗೆ. ತಮಾಷೆಯೇನೆಂದರೆ ‘ಮಂದ್ರ’ ಸಂಗೀತದ ಬೀರುವಿಗೆ ಹೋದರೆ ಅಂಥ ಅನ್ಯಾಯವೇನೂ ಆಗುವುದಿಲ್ಲ. ಹಾರ್ಮೋನಿಯಂ ಕಲಿಯುವ ವಿಧಾನ ಹುಡುಕಿಕೊಂಡು ಬಂದವನು ಹಿಂದೂಸ್ತಾನಿ ಗಾಯಕನೊಬ್ಬನ ಬದುಕಿನ ಕಥೆ ಹಿಡಿದು ಹೋಗುತ್ತಾನೆ. ಕಲಿಯುವುದಕ್ಕೆ ಅದೂ ಒಂದು ದಾರಿ.

ಬೇಲೂರು ದಾಟಿ ಮೂಡಿಗೆರೆ ಕಡೆಗೆ ಹೋದರೆ ತೇಜಸ್ವಿ ಸಿಗುತ್ತಾರೆ, ಅವರದ್ದು ತಿರುವುಮುರುವು. ‘ಪರಿಸರದ ಕತೆ’ ಅಂದ ಕೂಡಲೇ ಹುಡುಗಿ ಕಥಾಸಂಕಲನ ಅಂದಳು. ಒಳಗಿರುವುದು ಕಾಡು, ತೋಟ, ಹಕ್ಕಿ, ಮೀನು, ಕೋವಿ, ನಾಯಿ. ಕಟ್ಟಿದ ಕತೆ ಅನ್ನಲಾರಿರಿ, ಪರಿಸರ ವಿಜ್ಞಾನ ಅಂದರೆ ವಿಜ್ಞಾನಕ್ಕೂ ಸಿಟ್ಟು ಬರುತ್ತದೆ. ನಾನು ಕತೆಯ ಸಂಕೇತವನ್ನೇ ಉಳಿಸಿ ಅಂದೆ. ವಿಜ್ಞಾನದ ಬೀರುವಿನ ಹತ್ತಿರ ನಮ್ಮಲ್ಲಿ ಸುಳಿಯುವವರು ಪರೀಕ್ಷೆ ಹತ್ತಿರ ಬಂದ ಹುಡುಗರು ಮಾತ್ರ. ಕತೆಯ ಬೀರುವಿಗೆ ಎಲ್ಲರೂ ಬರುತ್ತಾರೆ. ಪುಸ್ತಕ ಏನು ಅನ್ನುವುದಕ್ಕಿಂತ ಅದು ಯಾರ ಕೈಗೆ ಬೀಳಬೇಕು ಅನ್ನುವುದನ್ನು ನೋಡಿ ನಂಬರು ಹಾಕಬೇಕು ಎಂಬುದು ನನ್ನ ವಾದ. ಗ್ರಂಥಾಲಯ ವಿಜ್ಞಾನ ಓದಿದವರು ಇದನ್ನು ಒಪ್ಪುವುದಿಲ್ಲ, ಅದು ಅವರ ಕರ್ತವ್ಯ.

ಈ ನಂಬರುಗಳ ಮೂಲಪುರುಷ ಮೆಲ್ವಿಲ್ ಡ್ಯೂಯಿ. ಅಮೆರಿಕದ ಆಮ್ಹರ್ಸ್ಟ್ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ಹುಡುಗ. 1876ರಲ್ಲಿ, ಇನ್ನೂ 24 ವಯಸ್ಸಿನಲ್ಲಿ, 44 ಪುಟದ ಒಂದು ಪುಸ್ತಿಕೆ ಅಚ್ಚು ಹಾಕಿಸಿದ. ಮನುಷ್ಯ ತಿಳಿದಿರುವುದನ್ನೆಲ್ಲ ಹತ್ತು ಮನೆ ಮಾಡಿ, ಒಂದೊಂದು ಮನೆಗೂ ಹತ್ತು ಕೋಣೆ, ಕೋಣೆಗೆ ಹತ್ತು ಗೂಡು, ಅದೂ ಸಾಲದಿದ್ದರೆ ಚುಕ್ಕಿ ಇಟ್ಟು ಮುಂದಕ್ಕೆ ಹೋಗಿ ಅಂದ. ಅಕ್ಷರದ ಖರ್ಚು ಅಂದರೆ ಅವನಿಗೆ ಪ್ರಾಣಸಂಕಟ. ತನ್ನ ಹೆಸರಿನ ಸ್ಪೆಲಿಂಗಿನಲ್ಲೇ ಹೆಚ್ಚಿನ ಅಕ್ಷರಗಳನ್ನು ಕಿತ್ತುಹಾಕಿದ ಮಹಾನುಭಾವ. ಅಂಥವನು ಮಾಡಿದ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಇಂಗ್ಲಿಷ್ ಸಾಹಿತ್ಯಕ್ಕೆ 820, ಚುಕ್ಕಿಯೇ ಇಲ್ಲ. ನಮಗೆ ಚುಕ್ಕಿ ದಾಟಿ ಮೂರು ಅಂಕಿ. ಪಂಪನಿಂದ ಇವತ್ತಿನವರೆಗೆ ಸಾವಿರ ವರ್ಷದ ಮೇಲಾಗಿದೆ, ನಾವಿರುವುದು ಇಂಗ್ಲಿಷಿನವರ ಹಿತ್ತಲಿನ ಹಿತ್ತಲಿನಲ್ಲಿ. ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ, ತಮಿಳು 894.811 ಅಂತ ಪಕ್ಕದಲ್ಲೇ ಇದೆ, ತೆಲುಗಿನವರು 894.827 ಅಂತ ನಮಗಿಂತ ಇನ್ನೂ ಆಚೆ.

ಆದರೆ ಡ್ಯೂಯಿಯ ನಂಬರು ಒಂದು ಸಲ ತಲೆಗೆ ಹತ್ತಿತೋ ಬಿಡುವುದಿಲ್ಲ. ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡಿನ ಬಸ್ಸು ಹತ್ತುತ್ತೇನೆ. ಕಿಟಕಿಯಾಚೆ ತೆಂಗಿನ ತೋಟ, 634.61 ಅನ್ನುತ್ತದೆ ತಲೆ. ಊರು ಹತ್ತಿರವಾದಂತೆ ಆಲೂಗೆಡ್ಡೆ ಹೊಲ, 635.21. ಬೇಲೂರು ದಾಟಿ ಸಕಲೇಶಪುರದ ದಿಕ್ಕಿಗೆ ಹೊರಳಿದರೆ ಕಾಫಿ, 633.73. ಡ್ಯೂಯಿ ಆ ಬಸ್ಸಿನಲ್ಲಿ ಕೂತಿದ್ದರೆ ಅಂಕಿ ಹಿಂದುಮುಂದಾಯಿತು ಅಂತ ಕಂಡಕ್ಟರ್ ಜೊತೆ ಜಗಳಕ್ಕೆ ಬೀಳುತ್ತಿದ್ದ. ನಮ್ಮ ರೈತರು ಮಾತ್ರ ಈ ಮೂರನ್ನೂ ಅಕ್ಕಪಕ್ಕದಲ್ಲಿಟ್ಟರೆ ಸಂತೋಷಪಡುತ್ತಾರೆ. ಅವರು ಕೇಳುವುದು ಬೆಳೆಯನ್ನಲ್ಲ, ರೋಗವನ್ನು: “ಶುಂಠಿ ಕೊಳೀತಾ ಅದೆ, ಅದ್ಕೊಂದು ಪುಸ್ತಕ ಐತಾ?” ಶುಂಠಿ ಒಂದು ನಂಬರು, ಗಿಡದ ರೋಗ 632 ಎಂಬ ಇನ್ನೊಂದು ನಂಬರು. ಆ ಪುಸ್ತಕಕ್ಕೆ ಯಾವುದು ಅಂತ ನಾವು ಚರ್ಚೆ ಮಾಡಿ ಮುಗಿಸುವಷ್ಟರಲ್ಲಿ ಗೆಡ್ಡೆ ಪೂರ್ತಿ ಕೊಳೆತಿರುತ್ತದೆ.

ಧರ್ಮದ ಮನೆ ನೋಡಿದರೆ ಡ್ಯೂಯಿಗೆ ನಮ್ಮೂರು ಗೊತ್ತಿರಲಿಲ್ಲ ಎನ್ನುವುದು ಚೆನ್ನಾಗಿ ತಿಳಿಯುತ್ತದೆ. 200ರಿಂದ ಶುರುವಾಗುವ ಆ ಮನೆಯ ಬಹುಪಾಲು ಕೋಣೆಗಳನ್ನು ಕ್ರೈಸ್ತ ಧರ್ಮಕ್ಕೆ ಬರೆದುಕೊಟ್ಟು, ಮಿಕ್ಕ ಪ್ರಪಂಚವನ್ನೆಲ್ಲ 290 ಎಂಬ ಕೊನೇ ಕೋಣೆಗೆ ತುರುಕಿದ. ಅದರಲ್ಲಿ 294.3 ಬೌದ್ಧ, 294.4 ಜೈನ, 294.5 ಹಿಂದೂ. ಈಗ ಹಳೇಬೀಡಿಗೆ ಬನ್ನಿ. ಹೊಯ್ಸಳೇಶ್ವರ ಗುಡಿಯಿಂದ ಹೊರಬಿದ್ದು ದಕ್ಷಿಣಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಬಸ್ತಿಹಳ್ಳಿಯ ಮೂರು ಬಸದಿಗಳು: ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಅಂದರೆ 294.5ರಿಂದ 294.4ಕ್ಕೆ, ದಶಮಾಂಶ ಒಂದರಷ್ಟು ನಡಿಗೆ. ಇಷ್ಟರ ಮಟ್ಟಿಗೆ ಡ್ಯೂಯಿಯ ಲೆಕ್ಕ ನಮ್ಮೂರ ಭೂಗೋಳಕ್ಕೆ ಸರಿಹೋಗುತ್ತದೆ. ಕೆಡುವುದು ವಿಷ್ಣುವರ್ಧನನ ಮನೆಯೊಳಗೆ. ಬಿಟ್ಟಿದೇವನಾಗಿ ಜೈನರ ಮನೆಯಲ್ಲಿ ಹುಟ್ಟಿದವನು, ಬೇಲೂರಿನಲ್ಲಿ ಚೆನ್ನಕೇಶವನಿಗೆ ಗುಡಿ ಕಟ್ಟಿಸಿದವನು. ಅವನ ಕಾಲದಲ್ಲೇ ಇಲ್ಲಿ ಈಶ್ವರನಿಗೆ ಗುಡಿ ಎದ್ದಿತು, ರಾಣಿ ಶಾಂತಲೆ ಮಾತ್ರ ಕೊನೆಯವರೆಗೂ ಜೈನಳಾಗಿಯೇ ಉಳಿದಳು. 1133ರಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪ ಪಾರ್ಶ್ವನಾಥ ಬಸದಿ ಕಟ್ಟಿಸಿ ಪ್ರಸಾದ ಕಳಿಸಿದಾಗ ಅರಸನಿಗೆ ಯುದ್ಧದಲ್ಲಿ ಗೆಲುವು, ಮನೆಯಲ್ಲಿ ಗಂಡುಮಗು, ಎರಡೂ ಒಟ್ಟಿಗೆ ಸಿಕ್ಕಿದ್ದವು. ದೇವರಿಗೆ ವಿಜಯಪಾರ್ಶ್ವ ಅಂತಲೂ ಮಗನಿಗೆ ವಿಜಯನರಸಿಂಹ ಅಂತಲೂ ಹೆಸರಿಟ್ಟು ಖುಷಿಪಟ್ಟ. ತೀರ್ಥಂಕರನಿಗೂ ಅರಸುಮಗನಿಗೂ ಒಂದೇ ವಿಜಯ. ‘ವಿಷ್ಣುವರ್ಧನನ ಧಾರ್ಮಿಕ ನೀತಿ’ ಅಂತ ಯಾರಾದರೂ ಪುಸ್ತಕ ಬರೆದು ಅದು ನಮ್ಮ ಪಟ್ಟಿಗೆ ಬಂದರೆ ಕೊನೇ ಕಾಲಮ್ಮಿನಲ್ಲಿ ನಾನೇನು ಬರೆಯಲಿ? ಆ ಮನೆಯಲ್ಲಿ ಸಂಜೆ ದೀಪ ಹಚ್ಚಿದವರಿಗೆ ಬರದ ಅನುಮಾನ ನಮಗೆ ಬರುತ್ತದೆ.

ಶಾಂತಲೆ ಅಂದೆನಲ್ಲ. ಅವಳೇ ನಮ್ಮ ಪಟ್ಟಿಯ ಖಾಯಂ ತಲೆನೋವು. 1945ರಲ್ಲಿ ಕೆ.ವಿ. ಅಯ್ಯರ್ ‘ಶಾಂತಲಾ’ ಬರೆದರು. ಮುಂದೆ ಸಿ.ಕೆ. ನಾಗರಾಜರಾಯರು ‘ಪಟ್ಟಮಹಾದೇವಿ ಶಾಂತಲಾದೇವಿ’ ಅಂತ ಇಟ್ಟಿಗೆ ಗಾತ್ರದ ಸಂಪುಟಗಳನ್ನು ಬರೆದರು. ಅದಕ್ಕೆ ಮೂರ್ತಿದೇವಿ ಪ್ರಶಸ್ತಿ ಬಂತು. ಎರಡೂ ಕಾದಂಬರಿ, ಎರಡಕ್ಕೂ 894.8143. ಶಾಸ್ತ್ರ ಅಲ್ಲಿಗೆ ಮುಗಿಯಿತು. ನಮ್ಮೂರಿನಲ್ಲಿ ಮುಗಿಯುವುದಿಲ್ಲ. ಗುಡಿಯ ಅಂಗಳದಲ್ಲಿ ನಿಂತು ಪ್ರವಾಸಿಗರಿಗೆ ಕಥೆ ಹೇಳುವವರ ಬಾಯಲ್ಲಿ ಶಾಸನದ ಶಾಂತಲೆ ಎಲ್ಲಿ ಮುಗಿದು ಅಯ್ಯರ್ ಅವರ ಶಾಂತಲೆ ಎಲ್ಲಿ ಶುರುವಾಗುತ್ತಾಳೆ ಅಂತ ಬ್ರಹ್ಮನೂ ಹೇಳಲಾರ. ಕೇಳಿದವರು ಸೀದಾ ಗ್ರಂಥಾಲಯಕ್ಕೆ ಬಂದು “ಶಾಂತಲೆ ಇತಿಹಾಸ ಕೊಡಿ” ಅನ್ನುತ್ತಾರೆ. ಇತಿಹಾಸದ ಬೀರುವಿನಲ್ಲಿ, ಕರ್ನಾಟಕಕ್ಕೆ ಮೀಸಲಾದ 954.87ರಲ್ಲಿ, ಅವಳ ಪಾಲಿಗೆ ಇರುವುದು ಹೊಯ್ಸಳರ ಮೇಲಿನ ಪುಸ್ತಕಗಳ ನಡುವೆ ಸಿಗುವ ನಾಲ್ಕಾರು ಪುಟ. ಕಾದಂಬರಿ ಬೀರುವಿನಲ್ಲಿ ಸಾವಿರಾರು ಪುಟ. ಬಂದವರ ಮುಖ ನೋಡಿ ಕಾದಂಬರಿಯನ್ನೇ ಕೊಡುತ್ತಾರೆ, ಅವರು ಅದನ್ನೇ ಇತಿಹಾಸ ಅಂತ ಓದುತ್ತಾರೆ, ಊರಿಗೆ ಹೋಗಿ ಇನ್ನೊಬ್ಬರಿಗೆ ಹೇಳುತ್ತಾರೆ. ಸಂಕೇತ ಸರಿಯಾಗಿದೆ, ಓದುವ ರೀತಿ ಬೇರೆ.

ಅಯ್ಯರ್ ಅವರದ್ದೇ ಇನ್ನೊಂದು ಸ್ವಾರಸ್ಯ. ಅವರು ಕಾದಂಬರಿಕಾರರಾಗುವ ಮೊದಲು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸುತ್ತಿದ್ದ ಪೈಲ್ವಾನರು. ಮಾಂಸಖಂಡ ಬೆಳೆಸುವುದರ ಮೇಲೆ 1930ರಲ್ಲೇ ಇಂಗ್ಲಿಷಿನಲ್ಲಿ ‘ಮಸಲ್ ಕಲ್ಟ್’ ಅಂತ ಪುಸ್ತಕ ತಂದವರು. ಅದಕ್ಕೆ ಡ್ಯೂಯಿ ಲೆಕ್ಕದಲ್ಲಿ 613.7. ಹೀಗಾಗಿ ಅಯ್ಯರ್ ಒಂದು ಬೀರುವಿನಲ್ಲಿ ದಂಡ ಹೊಡೆಯುತ್ತಿರುತ್ತಾರೆ, ಇನ್ನೊಂದರಲ್ಲಿ ಶಾಂತಲೆಯ ಕಾಲ್ಗೆಜ್ಜೆ ಕೇಳುತ್ತಿರುತ್ತಾರೆ. ನಮ್ಮ ಜಿಲ್ಲೆಯ ಗೊರೂರರಿಗೂ ಇದೇ ಗತಿ. ‘ಹಳ್ಳಿಯ ಚಿತ್ರಗಳು’ ಸಾಹಿತ್ಯದ ಬೀರುವಿನಲ್ಲಿ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟ ‘ಅಮೆರಿಕದಲ್ಲಿ ಗೊರೂರು’ ಮಾತ್ರ ಪ್ರವಾಸ ಕಥನ ಅಂತ ಭೂಗೋಳದ ಕಡೆ, 917.3ಕ್ಕೆ. ಹೇಮಾವತಿ ದಂಡೆಯವರನ್ನು ಅಮೆರಿಕದ ಬೀರುವಿನಲ್ಲಿ ಹುಡುಕಬೇಕು ಅಂತ ಯಾರಿಗೆ ಹೊಳೆಯುತ್ತದೆ? ಅದು ಅಲ್ಲಿ ಧೂಳು ಕುಡಿಯುತ್ತ ಕೂತಿರುತ್ತದೆ. ನನ್ನ ಕೈಯಲ್ಲಿದ್ದರೆ ಅದನ್ನೂ ‘ಹಳ್ಳಿಯ ಚಿತ್ರಗಳು’ ಪಕ್ಕಕ್ಕೆ ತರುತ್ತಿದ್ದೆ. ಅಮೆರಿಕಕ್ಕೆ ಹೋದರೂ ಗೊರೂರರು ಕಂಡದ್ದು ಗೊರೂರಿನ ಕಣ್ಣಿನಲ್ಲೇ.

ಇವೆಲ್ಲ ಈಚಿನ ಮಾತು. ನಮ್ಮೂರು ದೋರಸಮುದ್ರ ಎಂಬ ರಾಜಧಾನಿಯಾಗಿದ್ದ ಕಾಲಕ್ಕೆ ಹೋದರೆ ಇನ್ನೂ ಮಜಾ. ‘ಯಶೋಧರ ಚರಿತೆ’ ಬರೆದ ಜನ್ನ, ವೀರಬಲ್ಲಾಳನಿಂದ ಕವಿಚಕ್ರವರ್ತಿ ಅನ್ನಿಸಿಕೊಂಡವನು. ಅವನ ಭಾವ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ ಕಟ್ಟಿದವನು. ಮಲ್ಲಿಕಾರ್ಜುನನ ಮಗ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದ. ಒಂದೇ ಮನೆತನ, ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಕೂತು ಉಂಡವರು. ಈಗ ನಮ್ಮ ಗ್ರಂಥಾಲಯದಲ್ಲಿ ಸೋದರಮಾವ 894ರಲ್ಲಿ, ಸೋದರಳಿಯ ವ್ಯಾಕರಣ ಬರೆದ ತಪ್ಪಿಗೆ 494ರಲ್ಲಿ. ನಡುವೆ ಭರ್ತಿ ನಾನೂರು. ಕೇಶಿರಾಜ ಸೂತ್ರಗಳನ್ನು ಕಂದಪದ್ಯದಲ್ಲಿ ಬರೆದಿದ್ದಾನೆ, ಅವನೂ ಕವಿಯೇ ಅಂತ ವಾದ ಮಾಡಬಹುದು. ಮಾಡಿದರೆ ಆಗ ವಿಷ್ಣುವರ್ಧನನ ಕಾಲದ ರಾಜಾದಿತ್ಯನೂ ಎದ್ದು ಕೂರುತ್ತಾನೆ. ಅವನ ‘ವ್ಯವಹಾರಗಣಿತ’ ಶುದ್ಧ ಲೆಕ್ಕದ ಪುಸ್ತಕ, ಆದರೆ ಪದ್ಯ. ಅಡುಗೆಯನ್ನು ಪದ್ಯದಲ್ಲಿ ಬರೆದ ಮಂಗರಸನ ‘ಸೂಪಶಾಸ್ತ್ರ’ ಇದೆ. ನಮ್ಮ ಹಿರಿಯರಿಗೆ ಛಂದಸ್ಸು ಎಂಬುದು ಉಪ್ಪು, ಎಲ್ಲದಕ್ಕೂ ಹಾಕುತ್ತಿದ್ದರು. ಹೋಳಿಗೆಗೆ 641.5 ಕೊಡಬೇಕೋ 894.8141 ಕೊಡಬೇಕೋ ಅಂತ ಒದ್ದಾಡುವ ಪಾಡು ನಮ್ಮದು.

ವಿಂಗಡಣೆ ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ‘ಸೂಕ್ತಿಸುಧಾರ್ಣವ’ದ ಕೆಲಸವೇ ಅದು. ಮಲ್ಲಿಕಾರ್ಜುನ ಹಿಂದಿನ ಕಾವ್ಯಗಳಿಂದ ಕಥೆ ಬಿಟ್ಟು ವರ್ಣನೆಯನ್ನಷ್ಟೇ ಆರಿಸಿ, ಸಮುದ್ರದ ಪದ್ಯ ಒಂದೆಡೆ, ಬೆಟ್ಟದ್ದು ಒಂದೆಡೆ, ಪಟ್ಟಣದ್ದು ಒಂದೆಡೆ, ಹೀಗೆ ಬಗೆಬಗೆಯಾಗಿ ಜೋಡಿಸಿಟ್ಟ. ಹೊಯ್ಸಳ ಸೋಮೇಶ್ವರನ ಕಾಲ, 13ನೇ ಶತಮಾನ. ಅದಕ್ಕೂ ನೂರು ವರ್ಷ ಮೊದಲು ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ವನ್ನು ಐದು ವಿಂಶತಿ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು ಅಂತ ಕೊರೆದ ಹಾಗೆ ಭಾಗ ಮಾಡಿದ್ದ. ರಾಜ್ಯ ಗಳಿಸುವುದರಿಂದ ಹಿಡಿದು ಮೀನಿನ ಅಡುಗೆ, ಆನೆಯ ಪಳಗಿಸುವಿಕೆ, ಜೂಜಿನವರೆಗೆ ಎಲ್ಲಕ್ಕೂ ಅಲ್ಲಿ ಒಂದು ಗೂಡುಂಟು. ಡ್ಯೂಯಿಗಿಂತ ಏಳೂವರೆ ಶತಮಾನ ಮುಂಚೆ. ಆದರೆ ಅರಸನ ಪುಸ್ತಕದಲ್ಲಿ ‘ಇತರೆ’ ಎಂಬ ಗೂಡು ಇಲ್ಲ. ಅರಸನಾದವನಿಗೆ ಅದು ಬೇಕಾಗಿರಲಿಲ್ಲ ಅನ್ನಿಸುತ್ತದೆ, ಗುಮಾಸ್ತನಿಗೆ ಬೇಕು.

‘ಇತರೆ’ಯ ವಿಷಯ ಬಂತು, ಹೇಳಿಬಿಡುತ್ತೇನೆ. ಸಣ್ಣ ಗ್ರಂಥಾಲಯಗಳಲ್ಲಿ ಡ್ಯೂಯಿಯನ್ನು ಅಡಿಯಿಂದ ಮುಡಿಯವರೆಗೆ ಅನುಸರಿಸುವವರು ಕಡಿಮೆ. ಕಾದಂಬರಿಗೆ ‘ಕಾ’, ಕವನಕ್ಕೆ ‘ಕ’, ನಾಟಕಕ್ಕೆ ‘ನಾ’, ಮಕ್ಕಳಿಗೆ ‘ಮ’, ಕೊನೆಗೆ ‘ಇ’. ಕಷ್ಟ ಬಂದಾಗಲೆಲ್ಲ ‘ಇ’. ಸ್ಟಾಕ್ ನೋಡಿದರೆ ಬೀರುಗಳಲ್ಲೆಲ್ಲ ದಪ್ಪ ಬೀರು ಅದೇ. ಒಂದು ಕಡೆ, ಎಲ್ಲಿ ಅಂತ ಕೇಳಬೇಡಿ, ಭಗವದ್ಗೀತೆ, ಮೋಟಾರು ರಿಪೇರಿ, ಸಂವಿಧಾನ, ಹೊಲಿಗೆ ಕಲಿಯಿರಿ, ನಾಲ್ಕೂ ಒಂದೇ ಹಲಗೆಯ ಮೇಲೆ ‘ಇ’ ಅಂಟಿಸಿಕೊಂಡು ಒಟ್ಟಿಗೆ ಕೂತಿದ್ದನ್ನು ನೋಡಿದ್ದೇನೆ. ಬಹಳ ಸೌಹಾರ್ದದಿಂದಿದ್ದವು.

ಈಗ ಆ ದಪ್ಪ ಬೀರುವಿಗೂ ಪ್ರತಿಸ್ಪರ್ಧಿ ಬಂದಿದ್ದಾನೆ, ಪರೀಕ್ಷೆಯ ಗೈಡು. ನಮ್ಮ ಓದುಗರಲ್ಲಿ ಹೆಚ್ಚಿನವರು ಪಿಡಿಒ, ಪೊಲೀಸ್, ಕೆಎಎಸ್ ಅಂತ ಓದುವ ಹುಡುಗ ಹುಡುಗಿಯರು. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಮೆಟ್ಟಿಲ ಮೇಲೆ ಬ್ಯಾಗಿಟ್ಟು ಜಾಗ ಹಿಡಿಯುವವರು ಇವರೇ. ಆ ಗೈಡಿನೊಳಗೆ ಹೊಯ್ಸಳರು ಒಂದೂವರೆ ಪುಟ, ದ್ಯುತಿಸಂಶ್ಲೇಷಣೆ ಅರ್ಧ ಪುಟ, ಪಂಚಾಯತ್ ರಾಜ್ ಆರು ಪುಟ, ಕೊನೆಗೆ ರೈಲಿನ ವೇಗದ ಲೆಕ್ಕ. ಯಾವ ಸಂಕೇತ? ಹುಡುಗಿ ‘ಸಾಮಾನ್ಯ ಜ್ಞಾನ’ ಅಂತ ಮೊದಲನೇ ಮನೆ, ಸೊನ್ನೆಗಳ ಮನೆಗೆ ಹಾಕಿದಳು. ತಪ್ಪಲ್ಲ. 1025ರಲ್ಲಿ ಚಾವುಂಡರಾಯ ಎಂಬುವನು ಬರೆದ ‘ಲೋಕೋಪಕಾರ’ಕ್ಕೂ ಅದೇ ಮನೆ ಸಲ್ಲಬೇಕು: ಮಳೆ ಹೇಳುವುದು, ಮನೆ ಕಟ್ಟುವುದು, ಅಂತರ್ಜಲ ಕಂಡುಹಿಡಿಯುವುದು, ಮರಕ್ಕೆ ಮದ್ದು, ಅಡುಗೆ, ವಿಷವೈದ್ಯ ಎಲ್ಲ ಒಂದೇ ಕಟ್ಟಿನಲ್ಲಿ. ಸಾವಿರ ವರ್ಷದ ಅಂತರದಲ್ಲಿ ಎರಡು ಗೈಡುಗಳು ಅಕ್ಕಪಕ್ಕ ನಿಲ್ಲುತ್ತವೆ. ಚಾವುಂಡರಾಯನದ್ದು ಬದುಕುವುದಕ್ಕೆ, ಇನ್ನೊಂದು ಪಾಸಾಗುವುದಕ್ಕೆ.

ದುಡ್ಡಿನ ಮಾತೂ ಒಂದಿಷ್ಟು ಆಡಬೇಕು, ಯಾಕೆಂದರೆ ಸಂಕೇತ ಕೇಳುವವರು ಕೊನೆಗೆ ದುಡ್ಡಿನವರೇ. ನಮ್ಮ ರಾಜ್ಯದಲ್ಲಿ ಗ್ರಂಥಾಲಯಕ್ಕೆ 1965ರಿಂದ ಕಾಯಿದೆ ಇದೆ. ನಾವು ಕಟ್ಟುವ ಕಂದಾಯದ ಜೊತೆಗೆ ಗ್ರಂಥಾಲಯ ಕರವೂ ಸೇರಿರುತ್ತದೆ, ರಸೀತಿ ತಿರುವಿ ನೋಡಿದವರು ಕಡಿಮೆ. ಹಳ್ಳಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು, ಈಗ ‘ಅರಿವು ಕೇಂದ್ರ’ ಅಂತ ಬೋರ್ಡು ಹಾಕಿಕೊಂಡಿವೆ. ಗ್ರಂಥಾಲಯ ಇಲಾಖೆ ‘ಏಕಗವಾಕ್ಷಿ’ ಯೋಜನೆಯಲ್ಲಿ ಆಯ್ಕೆಯಾದ ಪುಸ್ತಕದ 300 ಪ್ರತಿಗಳನ್ನು ಕೊಳ್ಳುತ್ತದೆ, ಬೆಲೆ ಪುಟದ ಲೆಕ್ಕದಲ್ಲಿ. ಪುಟಕ್ಕಿಷ್ಟು ಅಂದಮೇಲೆ ಪುಟದಲ್ಲಿ ಏನಿದೆ ಅನ್ನುವುದು ಅಷ್ಟಕ್ಕಷ್ಟೇ. ನಾಲ್ಕು ಸಾಲಿನ ಕವಿತೆಯ ಪುಟವೂ ಪುಟವೇ, ನಲವತ್ತು ಸಾಲಿನ ಸಂಶೋಧನೆಯ ಪುಟವೂ ಪುಟವೇ. ಹನಿಗವನದವರಿಗೆ ಇದಕ್ಕಿಂತ ದೊಡ್ಡ ಪ್ರೋತ್ಸಾಹ ಬೇಕಿಲ್ಲ. ವರ್ಗಕ್ಕೆ ತಕ್ಕ ಹಾಗೆ ದರ ಬೇರೆಬೇರೆ ಇಟ್ಟುಬಿಟ್ಟರೆ ಏನಾಗುತ್ತದೆ ಅಂತ ನಾನೊಮ್ಮೆ ಯೋಚಿಸಿದ್ದುಂಟು: ಮರುದಿನವೇ ಕನ್ನಡದ ಹನಿಗವನಗಳೆಲ್ಲ ಭೌತಶಾಸ್ತ್ರವಾಗಿಬಿಡುತ್ತವೆ.

ಈ ಎಲ್ಲ ತಾಪತ್ರಯವನ್ನು ಬುಡದಿಂದ ಯೋಚಿಸಿದ ಒಬ್ಬ ಮನುಷ್ಯ ನಮ್ಮ ಪಕ್ಕದವರೇ, ಎಸ್.ಆರ್. ರಂಗನಾಥನ್. ಮದರಾಸಿನಲ್ಲಿ ಗಣಿತದ ಮೇಷ್ಟ್ರು. 1924ರಲ್ಲಿ ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಖಾಲಿ ಕೂರುವ ಈ ಕೆಲಸ ಬೇಡ, ಪಾಠಕ್ಕೇ ವಾಪಸು ಕರೆದುಕೊಳ್ಳಿ ಅಂತ ಹಳೇ ಪ್ರಿನ್ಸಿಪಾಲರ ಬಳಿ ಓಡಿದರಂತೆ. ತರಬೇತಿಗೆ ಲಂಡನ್ನಿಗೆ ಹೋದಾಗ ಸೆಲ್ಫ್ರಿಜ್ ಅಂಗಡಿಯಲ್ಲಿ ಮೆಕ್ಯಾನೋ ಆಟಿಕೆ ನೋಡಿದರು. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು, ಜೋಡಿಸಿದ ಹಾಗೆ ಕ್ರೇನೂ ಆಗುತ್ತದೆ ಬಂಡಿಯೂ ಆಗುತ್ತದೆ. ಪುಸ್ತಕದ ಸಂಕೇತವೂ ಹೀಗೇ ಬಿಡಿಭಾಗ ಜೋಡಿಸಿದಂತೆ ಇರಲಿ ಅಂತ 1933ರಲ್ಲಿ ಕೋಲನ್ ಪದ್ಧತಿ ತಂದರು. ವಸ್ತುವೇನು, ದ್ರವ್ಯವೇನು, ಕ್ರಿಯೆ ಏನು, ಎಲ್ಲಿ, ಯಾವಾಗ ಅಂತ ಕೇಳುತ್ತ ಹೋಗಿ ನಡುವೆ ಚಿಹ್ನೆ ಹಾಕುವುದು. ಶುಂಠಿಗೂ ರೋಗಕ್ಕೂ ಜಗಳವೇ ಇಲ್ಲ, ಎರಡೂ ಒಂದೇ ಸಂಕೇತದೊಳಗೆ ಕೂರುತ್ತವೆ. ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಅಲ್ಲೇ ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ಹುಟ್ಟಿಸಿ, 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಪುಸ್ತಕ ಇರುವುದು ಬಳಕೆಗೆ, ಓದುಗನಿಗೆ ಅವನ ಪುಸ್ತಕ ಸಿಗಬೇಕು, ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬರ್ಥದ ಅವರ ಪಂಚಸೂತ್ರಗಳು ಗ್ರಂಥಾಲಯದ ಗೋಡೆಗಳ ಮೇಲೆ ಕಾಣುತ್ತವೆ.

ಅವರ ಪದ್ಧತಿಯಲ್ಲಿ ಸಾಹಿತಿಗೆ ನಂಬರು ಕೊಡುವುದು ಅವನು ಹುಟ್ಟಿದ ವರ್ಷದಿಂದ. ಶೇಕ್ಸ್‌ಪಿಯರ್ 1564, ಆ ಶತಮಾನಕ್ಕೆ ಜೆ, ಹಾಗಾಗಿ ಜೆ64. ಕುವೆಂಪು 1904, ಎನ್04. ಎಷ್ಟು ಅಚ್ಚುಕಟ್ಟು! ಜನ್ನನಿಗೆ ಹಾಕಿ ನೋಡೋಣ. ಕೃತಿ ಮುಗಿಸಿದ ವರ್ಷ ಹೇಳಿದ್ದಾನೆ, ವಂಶ ಹೇಳಿದ್ದಾನೆ, ಬಿರುದು ಹೇಳಿದ್ದಾನೆ. ಹುಟ್ಟಿದ ವರ್ಷ ಮಾತ್ರ ಹೇಳಿಲ್ಲ. ಹರಿಹರ, ರಾಘವಾಂಕ, ಕೇಶಿರಾಜ ಯಾರೂ ಹೇಳಿಲ್ಲ. ಜನ್ನನಿಗೆ ಹನ್ನೆರಡನೇ ಶತಮಾನದ ಎಫ್ ಬರೆದು ಮುಂದಿನ ಎರಡು ಅಂಕಿಗೆ ಆಕಾಶ ನೋಡಬೇಕು. ಮುಂದೊಂದು ದಿನ ಹೀಗೊಬ್ಬ ಗಣಿತದ ಮೇಷ್ಟ್ರು ಜನ್ಮದಿನಾಂಕ ಕೇಳುತ್ತಾನೆ ಅಂತ ಗೊತ್ತಿದ್ದರೆ ಅವರೂ ಒಂದು ಕಂದದಲ್ಲಿ ಹಾಕಿಬಿಡುತ್ತಿದ್ದರೋ ಏನೋ.

ಸಂಕೇತ ಕೊಟ್ಟವರಲ್ಲಿ ನನಗೆ ಹೆಚ್ಚು ಮೆಚ್ಚುಗೆ ಬಿ.ಎಲ್. ರೈಸ್ ಮೇಲೆ. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೇ ಸಂಪುಟ, ಹಾಸನ ಜಿಲ್ಲೆಯದು, 1902ರಲ್ಲಿ ಹೊರಬಂತು. ಆ ಶಾಸನಗಳಲ್ಲಿ ದಾನವುಂಟು, ಯುದ್ಧವುಂಟು, ಹೆಣ್ಣಿನ ಹೊಗಳಿಕೆಯುಂಟು, ಕೆರೆಯ ಲೆಕ್ಕವುಂಟು, ಒಂದೇ ಕಲ್ಲಿನಲ್ಲಿ ಅಷ್ಟೂ ಉಂಟು. ರೈಸ್ ವಿಷಯದ ತಂಟೆಗೇ ಹೋಗಲಿಲ್ಲ. ಬೇಲೂರು ತಾಲ್ಲೂಕಿನದೋ, ಅರಸೀಕೆರೆಯದೋ ನೋಡಿ, ತಾಲ್ಲೂಕಿನ ಹೆಸರಿನ ಎರಡಕ್ಷರ ಬರೆದು ಮುಂದೆ ಒಂದು ಸಂಖ್ಯೆ ಹಾಕಿದರು. ಏನು ಅಂತ ಕೇಳದೆ ಎಲ್ಲಿದೆ ಅಂತ ಕೇಳಿದರು. ಆ ಸಂಕೇತ ಹಿಡಿದು ಬಸ್ಸು ಹತ್ತಿದರೆ ಕಲ್ಲಿನ ಮುಂದೆ ಹೋಗಿ ನಿಲ್ಲಬಹುದು. ಮೈಸೂರು ವಿಶ್ವವಿದ್ಯಾಲಯದವರು ಪರಿಷ್ಕರಿಸಿ ತಂದ ಸಂಪುಟಗಳಲ್ಲಿ ಸಂಖ್ಯೆ ಬದಲಾಯಿತು. ಈಗ ವಿದ್ವಾಂಸರು ಹಳೆಯದೋ ಹೊಸದೋ ಅಂತ ಅಡಿಟಿಪ್ಪಣಿಯಲ್ಲಿ ಜಗಳಾಡುತ್ತಾರೆ, ಅದು ಬೇರೆ ವಿಷಯ. ರೈಸ್ ಕಣ್ಣಿಗೆ ಬೀಳದ ಹಲ್ಮಿಡಿ ಶಾಸನ ನಮ್ಮ ಬೇಲೂರು ತಾಲ್ಲೂಕಿನದೇ, 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು. ಮೂಲ ಶಿಲೆ ಊರು ಬಿಟ್ಟು ಹೋಗಿದೆ, ಹಲ್ಮಿಡಿಯಲ್ಲಿ ನಿಂತಿರುವುದು ಅದರ ಪ್ರತಿಕೃತಿ. ಕಲ್ಲು ಎಲ್ಲಿಗೆ ಹೋದರೂ ಅದನ್ನು ಹಲ್ಮಿಡಿ ಅಂತಲೇ ಕರೆಯುತ್ತಾರೆ, ವಿಳಾಸವೇ ಹೆಸರಾಗಿ ಕೂತಿದೆ.

ರೈಸ್ ಮಾಡಿದ್ದನ್ನೇ ನಾನು ನಮ್ಮ ಪಟ್ಟಿಗೂ ಮಾಡಿ ಅನ್ನುತ್ತೇನೆ. ಹಳೇಬೀಡಿನ ಬಗ್ಗೆ ಬಂದ ಪುಸ್ತಕ ಈಗ ಐದಾರು ಕಡೆ ಚೆದರಿದೆ. ಗುಡಿಯ ಕಟ್ಟಡ 726ರಲ್ಲಿ, ಶಿಲ್ಪ 730ರಲ್ಲಿ, ಬಸದಿ ಜೈನದಲ್ಲಿ, ಅರಸರು ಇತಿಹಾಸದಲ್ಲಿ, ಶಾಂತಲೆ ಕಾದಂಬರಿಯಲ್ಲಿ, ಪ್ರವಾಸಿ ಕೈಪಿಡಿ ‘ಇ’ಯಲ್ಲಿ. 2023ರಲ್ಲಿ ಯುನೆಸ್ಕೋ ನಮ್ಮ ಗುಡಿಯನ್ನು ಬೇಲೂರು, ಸೋಮನಾಥಪುರದ ಜೊತೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಮೇಲೆ ಬರುವವರು ಜಾಸ್ತಿಯಾಗಿದ್ದಾರೆ, ಶಾಲೆಯ ಮಕ್ಕಳಿಗೆ ಪ್ರಾಜೆಕ್ಟು ಕೊಡುವವರೂ ಜಾಸ್ತಿಯಾಗಿದ್ದಾರೆ. ಮಗು ಬಂದು “ಹಳೇಬೀಡು ಪುಸ್ತಕ” ಅನ್ನುತ್ತದೆ. ಅದು ಆರು ಬೀರು ತಿರುಗಬೇಕೆ? ಕೊನೇ ಕಾಲಮ್ಮಿನಲ್ಲಿ ‘ಹಳೇ’ ಅಂತ ಬರೆಯಿರಿ, ಬಾಗಿಲ ಪಕ್ಕ ಒಂದು ಬೀರು ಇಡಿ, ಅಯ್ಯರ್, ರೈಸ್, ಜನ್ನ, ಕೈಪಿಡಿ, ಎಲ್ಲರೂ ಅಲ್ಲೇ ಇರಲಿ.

ಹುಡುಗಿಗೆ ಹಿಡಿಸಿತು. ಗ್ರಂಥಪಾಲಕರು ಕನ್ನಡಕ ಒರೆಸಿಕೊಂಡರು. “ಸಾರ್, ಸಾಫ್ಟ್‌ವೇರಲ್ಲಿ ‘ಹಳೇ’ ಅನ್ನೋ ಕೋಡೇ ಇಲ್ಲ. ಹಾಕಿದ್ರೆ, ಆಡಿಟ್‌ನೋರು ಹಳೇ ಪುಸ್ತಕ ಹೊಸಾ ಬೆಲೆಗೆ ತಗಂಡಿದಾರೆ ಅಂತ ಆಬ್ಜೆಕ್ಷನ್ ಬರೀತಾರೆ” ಅಂದರು. ಅನುಭವಸ್ಥರ ಮಾತು, ತೆಗೆದುಹಾಕುವಂತಿಲ್ಲ. ಕೊನೆಗೆ ಪಟ್ಟಿಯಲ್ಲಿ ಡ್ಯೂಯಿಯ ನಂಬರೇ ಇರಲಿ, ಬೀರು ಮಾತ್ರ ಬೇರೆ ಇಡೋಣ, ಬೆನ್ನ ಮೇಲೆ ಒಂದು ಹಳದಿ ಚುಕ್ಕಿ ಅಂಟಿಸೋಣ ಅಂತ ರಾಜಿಯಾಯಿತು. ಚುಕ್ಕಿಗೆ ಆಡಿಟ್ ಇಲ್ಲ.

ಪಟ್ಟಿಯ ಕೊನೆಯಲ್ಲಿ ಮೂರ್ತಿರಾಯರ ‘ಹಗಲುಗನಸುಗಳು’ ಬಂತು. ಡ್ಯೂಯಿಯ ಸಾಹಿತ್ಯದ ಮನೆಯಲ್ಲಿ ಪ್ರಬಂಧಕ್ಕೆ 4, ಹಾಸ್ಯಕ್ಕೆ 7. ಬೀಚಿಯವರನ್ನೂ ರಾಶಿಯವರನ್ನೂ 7ಕ್ಕೆ ಕಣ್ಣುಮುಚ್ಚಿ ಹಾಕಿದ್ದೆವು. ಮೂರ್ತಿರಾಯರು 4 ಅಂದೆ.

“ಹರಟೆ ಎಲ್ಲಾ ನಾಕೇನಾ ಸಾರ್? ನೀವು ಬರೀತೀರಲ್ಲ, ಅದೂ?”

ಓದಿ ನೀನು ನಕ್ಕರೆ 7 ಮಾಡು ಅಂದೆ. ಅವಳು ಆಗಲೇ 4 ಒತ್ತಿ ಮುಂದಿನ ಸಾಲಿಗೆ ಹೋಗಿದ್ದಳು.